ಪ್ಲಗ್ ಹಾಕುವ ಮುಂಚೆ ಒಂದು ಮಾತು

ಅಟ್ಟದ ಮೇಲೆ ಗೋಣಿಚೀಲ ಹೊದ್ದು ಮಲಗಿದ್ದ ಹಳೇ ಟಿವಿಯನ್ನು ಕೆಳಗಿಳಿಸಿದ್ದೀಯಂತೆ. ಸಂತೋಷ ಮಗಾ. ನಿನ್ನ ಓರಗೆಯವರು ಮೊಬೈಲಿನಿಂದ ತಲೆ ಎತ್ತುವುದೇ ಅಪರೂಪ. ನೀನು ಅಟ್ಟದವರೆಗೂ ಎತ್ತಿದ್ದೀಯ, ಶಹಬ್ಬಾಸ್. ಆದರೆ ನಿನ್ನ ಗುಣವೂ ನನಗೆ ಗೊತ್ತಲ್ಲ. ಬೆಳಿಗ್ಗೆ ರಾಗಿ ಬಿತ್ತಿ ಸಂಜೆಗೆ ಕುಡುಗೋಲು ಹುಡುಕುವ ಪೈಕಿ ನೀನು. ಧೂಳು ಒರೆಸುವ ಮೊದಲೇ ಪ್ಲಗ್ ಸಿಕ್ಕಿಸಿ, ಬೆಳಕು ಬರುತ್ತೋ ಇಲ್ಲವೋ ನೋಡೇಬಿಡೋಣ ಅಂತ ಕೈ ತುರಿಸುತ್ತಿರುತ್ತದೆ. ಇನ್ನೂ ಸಿಕ್ಕಿಸಿಲ್ಲ ತಾನೆ? ಹಾಗಾದರೆ ಇಲ್ಲಿ ಬಾ, ಕೂತುಕೋ.

ನಮ್ಮ ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಹಳೇ ಟಿವಿ ಬಿಚ್ಚುತ್ತಾ ಜೋಡಿಸುತ್ತಾ ತಲೆ ನರೆತ ಮೇಲೆ ನನಗೆ ಖಾತ್ರಿಯಾದ ಸಂಗತಿ ಒಂದೇ. ಈ ಸೆಟ್ಟುಗಳು ವಯಸ್ಸಾಗಿ ಕೆಡುವುದಕ್ಕಿಂತ ಹೆಚ್ಚಾಗಿ, ಸರಿಮಾಡಲು ಕೂತವರ ಅವಸರಕ್ಕೆ ಕೆಡುತ್ತವೆ. ಮೂವತ್ತು ವರ್ಷ ಸುಮ್ಮನಿದ್ದ ಪೆಟ್ಟಿಗೆ ಇನ್ನೊಂದು ತಿಂಗಳು ಸುಮ್ಮನಿರಬಲ್ಲದು. ಸುಮ್ಮನಿರಲಾಗದೆ ಇರುವುದು ನಿನಗೆ.

ಯಾಕೆ ಕಾಯಬೇಕು ಅಂತ ಕೇಳು, ಹೇಳುತ್ತೇನೆ. ಒಳಗೆ ಫಿಲ್ಟರ್ ಕಂಡೆನ್ಸರ್ ಇರುತ್ತದೆ, ಉದ್ದನೆಯ ಡಬ್ಬಿಯ ಆಕಾರದ್ದು. ಅದರೊಳಗೆ ಅಲ್ಯೂಮಿನಿಯಂ ಹಾಳೆ, ದ್ರವದಲ್ಲಿ ನೆನೆದ ಕಾಗದ. ಹಾಳೆಯ ಮೇಲೊಂದು ಬಲು ತೆಳುವಾದ ಪದರ ಇರುತ್ತದೆ. ಕರೆಂಟು ಕಾಣುತ್ತಿರುವಷ್ಟು ದಿನ ಅದು ಗಟ್ಟಿ, ವರ್ಷಗಟ್ಟಲೆ ಕಾಣದಿದ್ದರೆ ದುರ್ಬಲ. ದ್ರವವೂ ಒಣಗಿರುತ್ತದೆ. ಅಂಥದ್ದಕ್ಕೆ ಏಕಾಏಕಿ 230 ವೋಲ್ಟ್ ಕೊಟ್ಟರೆ ಶಾರ್ಟ್ ಆಗುತ್ತದೆ, ಉಬ್ಬುತ್ತದೆ, ಒಮ್ಮೊಮ್ಮೆ ಢಂ ಅಂತ ಸಿಡಿಯುತ್ತದೆ. ಹೋಗುವಾಗ ಡಯೋಡು, ಟ್ರಾನ್ಸ್‌ಫಾರ್ಮರುಗಳನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ. ಕಂಡೆನ್ಸರ್ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇವತ್ತೂ ಸಿಗುತ್ತದೆ. ನಿನ್ನ ಸೆಟ್ಟಿನ ಮಾಡೆಲ್ಲಿಗೆ ಹೊಂದುವ ಎಲ್‌ಓಟಿ, ಅಂದರೆ ಲೈನ್ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ಸಿಕ್ಕರೆ ಅದು ನಿನ್ನ ಪುಣ್ಯ.

ಹಾಗಾಗಿ ಮೊದಲ ಕೆಲಸ ಸೀರೀಸ್ ಬೋರ್ಡು. ಒಂದು ಹಲಗೆ, ಒಂದು ಬಲ್ಬ್ ಹೋಲ್ಡರ್, ಒಂದು ಸಾಕೆಟ್, ಒಂದು ಫ್ಯೂಸು. ಕರೆಂಟು ಬಲ್ಬನ್ನು ಹಾದು ಆಮೇಲೆ ಟಿವಿಗೆ ಹೋಗಬೇಕು. ಬಲ್ಬು ತಂತಿ ಉರಿಯುವ ಹಳೇ ನಮೂನೆಯದೇ ಆಗಬೇಕು, 60 ಅಥವಾ 100 ವ್ಯಾಟಿನದು. ಎಲ್‌ಇಡಿ ಇದಕ್ಕೆ ಬರುವುದಿಲ್ಲ. ಸೆಟ್ಟಿನೊಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿದು ಹೇಳುತ್ತದೆ, ಟಿವಿ ಬಚಾವಾಗುತ್ತದೆ. ಒಮ್ಮೆ ಬೆಳಗಿ ಮಂಕಾದರೆ ಮುಂದಿನ ಹೆಜ್ಜೆ ಇಡು. ಒಂದು ಸಂಜೆಯ ಕೆಲಸ ಅದು. ಆ ಒಂದು ಸಂಜೆ ಕೂರಲಾರೆ ಅನ್ನುವುದಾದರೆ, ಮಗಾ, ಈ ಹವ್ಯಾಸವೇ ನಿನಗೆ ಬೇಡ. ಕ್ರಿಕೆಟ್ಟು ಆಡು ಹೋಗು.

ಕೂರುತ್ತೇನೆ ಅಂದೆಯಾ? ಒಳ್ಳೆಯದು. ಹಾಗಾದರೆ ಕೈಗೆ ಬಂದಿರುವುದು ಏನು ಅಂತ ಮೊದಲು ತಿಳಿದುಕೋ. ನಮ್ಮ ರಾಜ್ಯದ ಹಳ್ಳಿಗಳಿಗೆ ಟಿವಿ ಮೊದಲು ಬಂದದ್ದು ಆಕಾಶದಿಂದ. 1975ರ ಆಗಸ್ಟ್ 1ರಿಂದ ಒಂದು ವರ್ಷ, ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು ಇಸ್ರೊದವರು ‘ಸೈಟ್’ ಅನ್ನುವ ಪ್ರಯೋಗ ನಡೆಸಿದರು. ಆರು ರಾಜ್ಯಗಳ 2,400 ಹಳ್ಳಿಗಳಿಗೆ ಸೆಟ್ಟು ಹೋಯಿತು. ಕರ್ನಾಟಕದಲ್ಲಿ ಕಲಬುರಗಿ, ರಾಯಚೂರು, ವಿಜಯಪುರ ಸೀಮೆಗಳಿಗೆ. ಕೋಳಿಗೂಡಿಗೆ ಹಾಕುವ ತಂತಿ ಜಾಲರಿಯಿಂದಲೇ ಛತ್ರಿ ಆಂಟೆನಾ ಮಾಡಿದ್ದರು. ಬೆಂಗಳೂರು ದೂರದರ್ಶನ ಶುರುವಾದದ್ದು ಆಮೇಲೆ, 1981ರ ನವೆಂಬರ್ 1ಕ್ಕೆ. ಮರುವರ್ಷ ದಿಲ್ಲಿಯ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಬಣ್ಣ ಬಂತು. 1984ರಲ್ಲಿ ದೇಶದುದ್ದಕ್ಕೂ ಕಡಿಮೆ ಶಕ್ತಿಯ ಟ್ರಾನ್ಸ್‌ಮಿಟರುಗಳು ಒಂದರ ಹಿಂದೊಂದು ಎದ್ದವು.

ಅಷ್ಟಾದರೂ ಹೊಸದುರ್ಗದ ಈ ಒಳನಾಡಿಗೆ ಸಿಗ್ನಲ್ಲು ಬಳಲಿ ಬೆಂಡಾಗಿ ಬರುತ್ತಿತ್ತು. ಮನೆಯ ಮೇಲೆ ಎತ್ತರದ ಕಬ್ಬಿಣದ ಪೈಪು, ತುದಿಗೆ ಆಂಟೆನಾ, ಅದಕ್ಕೊಂದು ಬೂಸ್ಟರ್. ಒಬ್ಬರು ಮಾಳಿಗೆ ಹತ್ತಿ ಪೈಪು ತಿರುಗಿಸುವುದು, ಇನ್ನೊಬ್ಬರು ಒಳಗಿನಿಂದ ‘ಬಂತು, ಬಂತು, ಅಯ್ಯೋ ಹೋಯ್ತು’ ಅಂತ ಕೂಗುವುದು. 1987ರ ಜನವರಿಯಲ್ಲಿ ರಾಮಾಯಣ ಶುರುವಾದ ಮೇಲಂತೂ ಭಾನುವಾರ ಬೆಳಿಗ್ಗೆ ಟಿವಿ ಇದ್ದ ಮನೆಯ ಪಡಸಾಲೆಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಅದೇ ಸುಮಾರಿಗೆ ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ಕೂಡ ಬಂತು. ಇಸಿ, ಡಯನೋರಾ, ಸಾಲಿಡೇರ್, ಕೆಲ್ಟ್ರಾನ್, ಕ್ರೌನ್, ಬಿಪಿಎಲ್, ಒನಿಡಾ: ನಿನ್ನ ಸೆಟ್ಟು ಇವುಗಳಲ್ಲಿ ಯಾವುದೋ ಒಂದಿರಬೇಕು. ಹಿಂಭಾಗದ ಚೀಟಿ ಓದಿ ಹೆಸರು, ಮಾಡೆಲ್ಲು ಬರೆದಿಟ್ಟುಕೋ.

ಆಮೇಲೆ ಅದರ ಮುಂದೆ ಕೂತವರನ್ನು ಕೇಳು. ಅಜ್ಜಿಯನ್ನು ಕೇಳು, ದೊಡ್ಡಪ್ಪನನ್ನು ಕೇಳು. ಅದು ಕೊನೆಗೆ ಹೇಗೆ ನಿಂತಿತು? ಚಿತ್ರ ದಿನೇ ದಿನೇ ಕುಗ್ಗುತ್ತಾ ಬಂತೋ, ನೋಡುತ್ತಿದ್ದ ಹಾಗೆ ಒಮ್ಮೆಲೇ ಕತ್ತಲಾಯಿತೋ, ಗುಡುಗು ಸಿಡಿಲು ಬಂದ ರಾತ್ರಿ ಹೋಯಿತೋ? ಸಿಡಿಲಾದರೆ ಆಂಟೆನಾ ದಾರಿಯಲ್ಲಿ ಟ್ಯೂನರಿಗೆ ಏಟು ಬಿದ್ದಿರುತ್ತದೆ. ಒಮ್ಮೆಲೇ ಕತ್ತಲಾದರೆ ಎಲ್‌ಓಟಿ ಕಡೆ ಅನುಮಾನ. ಅಜ್ಜಿಗೆ ಎಲೆಕ್ಟ್ರಾನಿಕ್ಸ್ ಗೊತ್ತಿಲ್ಲದೆ ಇರಬಹುದು, ಆದರೆ ನಿನ್ನ ಮೀಟರಿಗೆ ಗೊತ್ತಾಗದ್ದು ಅವಳಿಗೆ ಗೊತ್ತು. ಎಲೆಯಡಿಕೆ ತಟ್ಟೆ ಮುಂದಿಟ್ಟು ಕೂತು ಕೇಳು. ನಿಂತುಕೊಂಡು ಕೇಳಿದರೆ ಅರ್ಧ ಹೇಳುತ್ತಾಳೆ.

ಈಗ ಜೀವದ ಮಾತು. ಇಲ್ಲಿ ತಮಾಷೆ ಇಲ್ಲ, ಕಿವಿ ಕೊಟ್ಟು ಕೇಳು.

ಹಿಂದಿನ ಮುಚ್ಚಳ ತೆಗೆದಾಗ ಪಿಕ್ಚರ್ ಟ್ಯೂಬಿನ ಹೆಗಲ ಮೇಲೆ ರಬ್ಬರಿನ ಟೋಪಿ ಕಾಣುತ್ತದೆ. ಅದಕ್ಕೆ ಬರುವ ದಪ್ಪ ವೈರಿನಲ್ಲಿ ಕಪ್ಪು-ಬಿಳುಪು ಸೆಟ್ಟಿಗೆ ಹತ್ತು ಹದಿನೈದು ಸಾವಿರ ವೋಲ್ಟ್, ಕಲರಿಗೆ ಇಪ್ಪತ್ತೈದು ಸಾವಿರದ ಹತ್ತಿರ. ಪ್ಲಗ್ ಕಿತ್ತ ಮೇಲೂ ಟ್ಯೂಬು ಅದನ್ನು ಒಳಗೇ ಹಿಡಿದಿಟ್ಟುಕೊಂಡಿರುತ್ತದೆ. ಟ್ಯೂಬಿನ ಹಿಂಭಾಗದ ಕಪ್ಪು ಬಳಿತದ ಮೇಲೆ ಹೆಣೆದ ತಂತಿಯೊಂದು ಹಾದು ಹೋಗಿರುತ್ತದೆ, ಅದೇ ಅರ್ತು. ಹಿಡಿಗೆ ಗಟ್ಟಿ ಪ್ಲಾಸ್ಟಿಕ್ ಇರುವ ಚಪ್ಪಟೆ ಸ್ಕ್ರೂಡ್ರೈವರ್ ತೆಗೆದುಕೋ. ಅದರ ಲೋಹಕ್ಕೆ ವೈರು ಕಟ್ಟಿ, ನಡುವೆ ಒಂದು ದೊಡ್ಡ ಬೆಲೆಯ ರೆಸಿಸ್ಟರ್ ಇಟ್ಟು, ಇನ್ನೊಂದು ತುದಿಯನ್ನು ಆ ಹೆಣೆದ ತಂತಿಗೆ ಕ್ಲಿಪ್ ಹಾಕು. ಕಾಲಿಗೆ ಚಪ್ಪಲಿ ಇರಲಿ, ನೆಲ ಒಣಗಿರಲಿ. ಎಡಗೈ ಬೆನ್ನ ಹಿಂದೆ. ಬಲಗೈಯಿಂದ ಸ್ಕ್ರೂಡ್ರೈವರಿನ ತುದಿಯನ್ನು ರಬ್ಬರಿನ ಅಡಿಗೆ ಮೆಲ್ಲಗೆ ನೂಕು. ಲೋಹಕ್ಕೆ ಲೋಹ ತಾಗಿದ ಮೇಲೆ ಸ್ವಲ್ಪ ಹೊತ್ತು ಹಾಗೇ ಹಿಡಿದಿರು. ಸದ್ದು ಬರಲಿ ಬಿಡಲಿ, ಹತ್ತು ನಿಮಿಷ ಬಿಟ್ಟು ಇನ್ನೊಂದು ಸಲ ಮಾಡು, ಯಾಕೆಂದರೆ ಗಾಜಿನಲ್ಲಿ ಅಡಗಿದ್ದ ಚಾರ್ಜು ಮತ್ತೆ ಮೇಲೆ ಬರುತ್ತದೆ.

ಇನ್ನೊಂದು ಅಪಾಯ ಕಣ್ಣಿಗೆ ಕಾಣುವುದಿಲ್ಲ. ಆ ಕಾಲದ ಎಷ್ಟೋ ಸೆಟ್ಟುಗಳಲ್ಲಿ ಚಾಸಿಯೇ ಕರೆಂಟಿನ ಒಂದು ತುದಿಗೆ ನೇರವಾಗಿ ಸೇರಿರುತ್ತದೆ. ಪ್ಲಗ್ಗು ತಿರುವುಮುರುವಾಗಿ ಬಿತ್ತೋ, ಒಳಗಿನ ತಗಡಿಗೆಲ್ಲಾ ಫೇಸು. ಅದಕ್ಕೆ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ತೆರೆದ ಸೆಟ್ಟಿಗೆ ಕರೆಂಟು ಕೊಡಬೇಡ. ಮನೆಯಲ್ಲಿ ಯಾರೂ ಇಲ್ಲದ ಹೊತ್ತು ಕೆಲಸಕ್ಕೆ ಕೂರಬೇಡ. ನಿದ್ದೆಗಣ್ಣಿನಲ್ಲಿ ಕೂರಬೇಡ. ಅಮ್ಮನ ಹತ್ತಿರ ಬೈಸಿಕೊಂಡು ಸಿಟ್ಟಿನಲ್ಲಿ ಇರುವಾಗಲೂ ಕೂರಬೇಡ. ಈ ಮೂರೂ ಹೊತ್ತಿನಲ್ಲಿ ಎಡಗೈ ತನ್ನಷ್ಟಕ್ಕೆ ಮುಂದೆ ಬಂದುಬಿಡುತ್ತದೆ.

ಟ್ಯೂಬನ್ನು ಕತ್ತು ಹಿಡಿದು ಎತ್ತಬೇಡ. ಒಳಗೆ ಗಾಳಿಯೇ ಇಲ್ಲ, ಹೊರಗಿನ ಗಾಳಿಯೆಲ್ಲಾ ಅದರ ಮೇಲೆ ಒತ್ತುತ್ತಿರುತ್ತದೆ. ಒಡೆದರೆ ಒಳಕ್ಕೆ ಕುಸಿದು ಚೂರು ನಾಲ್ಕೂ ಕಡೆ ಹಾರುತ್ತದೆ. ಕಣ್ಣಿಗೆ ಕನ್ನಡಕ ಹಾಕು, ದಪ್ಪ ಕಂಬಳಿ ಹಾಸಿ ಮುಖ ಕೆಳಗಾಗಿ ಮಲಗಿಸು.

ನಮ್ಮೂರಿಗೂ ಗಾಜಿಗೂ ಹಳೇ ನಂಟಿದೆ, ಅದನ್ನೂ ಕೇಳಿಸಿಕೋ. 1800-01ರಲ್ಲಿ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆ ಸುತ್ತಿದಾಗ ಮತ್ತೋಡಿನ ಬಳೆಗಾಜಿನ ಕುಲುಮೆಗಳ ಬಗ್ಗೆ ಬರೆದಿಟ್ಟ. ಸವಳು ಮಣ್ಣು, ಬೆಣಚುಕಲ್ಲಿನ ಪುಡಿ ಕರಗಿಸಿ ಬಣ್ಣಬಣ್ಣದ ಗಾಜು ಮಾಡುತ್ತಿದ್ದ ಊರು ಇದು. ಆ ಕುಲುಮೆಗಳು ಆರಿ ಎಷ್ಟೋ ಕಾಲವಾಯಿತು. ಇವತ್ತು ಊರೆಲ್ಲಾ ಸುತ್ತಿದರೂ ಆ ಗಾಜಿನ ಹದ ಹೇಳಿಕೊಡುವವರು ಸಿಗುವುದಿಲ್ಲ. ಪಿಕ್ಚರ್ ಟ್ಯೂಬಿನ ಕಥೆಯೂ ಈಗ ಅಲ್ಲಿಗೇ ಬಂದಿದೆ. ನಮ್ಮ ಬೆಂಗಳೂರಿನ ಬಿಇಎಲ್ ಕಪ್ಪು-ಬಿಳುಪು ಟ್ಯೂಬು ಮಾಡುತ್ತಿತ್ತು. ಅದಕ್ಕೆ ಬೇಕಾದ ಗಾಜಿನ ಚಿಪ್ಪು ತಯಾರಿಸಲೆಂದೇ ಮಹಾರಾಷ್ಟ್ರದ ತಳೋಜದಲ್ಲಿ ಒಂದು ಘಟಕ ಇಟ್ಟಿತ್ತು. ಈಗ ದೇಶದಲ್ಲಿ ಟಿವಿ ಟ್ಯೂಬು ಮಾಡುವ ಕಾರ್ಖಾನೆ ಒಂದೂ ಉಳಿದಿಲ್ಲ. ಅಮೆರಿಕದ ಒಹಾಯೊ ರಾಜ್ಯದ ಹಿಲಿಯರ್ಡ್‌ನಲ್ಲಿ ಹಳೇ ಟಿವಿಗಳಿಗೆಂದೇ ಒಂದು ವಸ್ತುಸಂಗ್ರಹಾಲಯ ಇದೆ. ಟ್ಯೂಬು ಮರುಜೀವ ಮಾಡುವ ಯಂತ್ರಗಳನ್ನು, ಮುಚ್ಚಿಹೋದ ಕಾರ್ಖಾನೆಯಿಂದ ಅವರು ತಂದಿಟ್ಟುಕೊಂಡಿದ್ದಾರೆ. ಆ ವಿದ್ಯೆ ಅಷ್ಟು ತುಟ್ಟಿಯಾಗಿದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ಲ, ಈ ಟ್ಯೂಬಿನ ಮಟ್ಟಿಗೆ ಆ ಕುಂಬಾರನೂ ಇಲ್ಲ. ನಿನ್ನ ಕೈ ಜಾರಿದರೆ ಅಲ್ಲಿಗೆ ಮುಗಿಯಿತು.

ಇನ್ನು ಕೆಲಸ. ಮುಚ್ಚಳ ತೆಗೆದ ಕೂಡಲೇ ಬ್ರಷ್ ಹಿಡಿಯಬೇಡ. ಮೊದಲು ನೋಡು. ನಮ್ಮ ಕಡೆಯ ಸೆಟ್ಟು ಅಂದಮೇಲೆ ಒಳಗೆ ಕೆಂಪು ಧೂಳಿನ ಪದರ, ಹಲ್ಲಿ ಮೊಟ್ಟೆಯ ಸಿಪ್ಪೆ, ಜಿರಲೆ ಹಿಕ್ಕೆ, ಮೂಲೆಯಲ್ಲಿ ಕಣಜದ ಮಣ್ಣುಗೂಡು ಎಲ್ಲಾ ಇರುತ್ತದೆ. ಆ ಧೂಳೇ ನಿನಗೆ ಸಾಕ್ಷಿ. ಎಲ್ಲಾ ಕಡೆ ಒಂದೇ ಸಮ ಕೂತಿದ್ದರೆ ಹಿಂದೆ ಯಾರೂ ಕೈ ಹಾಕಿಲ್ಲ. ಒಂದು ಕಡೆ ತೆಳುವಾಗಿ, ಪಕ್ಕದಲ್ಲಿ ಬೆಸುಗೆ ದಪ್ಪಗೆ ಮುದ್ದೆಯಾಗಿದ್ದರೆ, ಅಲ್ಲಿ ಯಾರೋ ಹಿಂದೆ ರಿಪೇರಿ ಮಾಡಿದ್ದಾರೆ. ಬೋರ್ಡಿನ ಮೇಲೆ ಕಂದು ಬಣ್ಣದ ಸುಟ್ಟ ಕಲೆ ಇದ್ದರೆ ಅಲ್ಲಿನ ರೆಸಿಸ್ಟರ್ ವರ್ಷಗಟ್ಟಲೆ ಕಾದಿದೆ. ಇಲಿ ವೈರು ಕಡಿದಿದ್ದರೆ ಬರಿಗಣ್ಣಿಗೇ ಕಾಣುತ್ತದೆ. ಎಲ್ಲದರ ಫೋಟೊ ತೆಗೆದುಕೋ. ನಿನ್ನ ಮೊಬೈಲು ಉಪಯೋಗಕ್ಕೆ ಬರುವುದು ಇಲ್ಲಿ. ಯಾವ ವೈರು ಎಲ್ಲಿಂದ ಎಲ್ಲಿಗೆ ಅಂತ ನೋಟ್ ಪುಸ್ತಕದಲ್ಲಿ ಬರೆ. ತಿರುಪು ಮೊಳೆಗಳನ್ನು ಬೇರೆ ಬೇರೆ ಡಬ್ಬಿಯಲ್ಲಿ ಹಾಕು. ನೆನಪಿರುತ್ತೆ ಬಿಡಜ್ಜ ಅಂತೀಯ. ಇರುವುದಿಲ್ಲ. ಹೋದ ವಾರ ಸ್ಕೂಟರ್ ಕೀ ಎಲ್ಲಿಟ್ಟೆ ಅಂತಲೇ ನಿನಗೆ ನೆನಪಿರಲಿಲ್ಲ.

ರೋಗ ಕಂಡುಹಿಡಿಯುವುದು ಅಂಥ ಬ್ರಹ್ಮವಿದ್ಯೆ ಏನಲ್ಲ. ಪರದೆಯ ನಡುವೆ ಅಡ್ಡಲಾಗಿ ಒಂದೇ ಬಿಳಿ ಗೆರೆ ಬಂದರೆ ವರ್ಟಿಕಲ್ ವಿಭಾಗ ನಿಂತಿದೆ. ಸದ್ದು ಇದೆ, ಬೆಳಕಿಲ್ಲ ಅಂದರೆ ಎಲ್‌ಓಟಿ, ಅದನ್ನು ಓಡಿಸುವ ಟ್ರಾನ್ಸಿಸ್ಟರ್ ನೋಡು. ಎಷ್ಟೋ ಕಪ್ಪು-ಬಿಳುಪು ಸೆಟ್ಟುಗಳಲ್ಲಿ ಅದು ಬಿಯು 205. ಚಿತ್ರ ಚಿಕ್ಕದಾಗಿ ಅಂಚು ಬಳುಕುತ್ತಿದ್ದರೆ ಫಿಲ್ಟರ್ ಕಂಡೆನ್ಸರ್. ತಲೆಗೊಂದು ಏಟು ಕೊಟ್ಟರೆ ಸರಿಹೋಗುತ್ತಿತ್ತು ಅಂತ ಮನೆಯವರು ಹೇಳಿದರೆ ನಗಬೇಡ, ಅದು ಡ್ರೈ ಸೋಲ್ಡರ್, ಅಂದರೆ ಸಡಿಲಾದ ಬೆಸುಗೆ. ಅಥವಾ ಟಕ್ ಟಕ್ ಅಂತ ತಿರುಗಿಸುವ ಆ ಟ್ಯೂನರಿನ ಬೆಳ್ಳಿ ಮುಲಾಮಿನ ಚುಕ್ಕೆಗಳು ಕಪ್ಪಾಗಿವೆ. ಅವನ್ನು ಮೆತ್ತನೆ ಬಟ್ಟೆಗೆ ಕಾಂಟ್ಯಾಕ್ಟ್ ಕ್ಲೀನರ್ ಹಚ್ಚಿ ಒರೆಸು. ಮರಳು ಕಾಗದ ಹಾಕಿ ಉಜ್ಜಿದರೆ ಮುಲಾಮೇ ಹೋಗುತ್ತದೆ.

ಒಂದು ನಿಯಮ ಗಂಟು ಹಾಕಿಕೋ: ಒಂದು ಸಲಕ್ಕೆ ಒಂದೇ ಬದಲಾವಣೆ. ಒಂದು ಕಂಡೆನ್ಸರ್ ಹಾಕು, ನೋಡು, ಬರೆ. ಆಮೇಲೆ ಇನ್ನೊಂದು. ಹತ್ತನ್ನೂ ಒಟ್ಟಿಗೆ ಕಿತ್ತು ಹಾಕಿ ಸೆಟ್ಟು ಓಡಿದರೆ ಯಾವುದರಿಂದ ಓಡಿತು ಅಂತ ನಿನಗೆ ಗೊತ್ತಾಗುವುದಿಲ್ಲ. ಓಡದಿದ್ದರೆ ನಿನ್ನ ಕೈಯಿಂದ ಕೆಟ್ಟಿತೋ ಮೊದಲೇ ಕೆಟ್ಟಿತ್ತೋ ಅದೂ ಗೊತ್ತಾಗುವುದಿಲ್ಲ. ಇದು ಟಿವಿಗೆ ಮಾತ್ರ ಹೇಳಿದ್ದಲ್ಲ. ತೋಟಕ್ಕೂ ಅಷ್ಟೆ, ಕೆಲಸಕ್ಕೂ ಅಷ್ಟೆ, ಸಂಸಾರಕ್ಕೂ ಅಷ್ಟೆ.

ವಿಡಿಯೊ ನೋಡಿ ಕಲಿಯುತ್ತೇನೆ ಅಂತೀಯ. ನೋಡು, ಬೇಡ ಅನ್ನುವುದಿಲ್ಲ. ಆದರೆ ಹೊಸದುರ್ಗದಲ್ಲೋ ಹಿರಿಯೂರಿನಲ್ಲೋ ಹೊಳಲ್ಕೆರೆಯಲ್ಲೋ ಒಂದು ಕಾಲಕ್ಕೆ ರೇಡಿಯೊ ಟಿವಿ ರಿಪೇರಿ ಅಂಗಡಿ ಇಟ್ಟಿದ್ದವರು ಇನ್ನೂ ಇದ್ದಾರೆ. ಅಂಗಡಿ ಈಗ ಮೊಬೈಲ್ ಕವರಿನ ಅಂಗಡಿ ಆಗಿರಬಹುದು, ಕೈಯಲ್ಲಿರುವ ವಿದ್ಯೆ ಹೋಗಿಲ್ಲ. ಹೋಗಿ ಮಾತಾಡಿಸು. ಮೊದಲ ಭೇಟಿಯಲ್ಲೇ ಪ್ರಶ್ನೆ ಸುರಿಯಬೇಡ. ಕಾಫಿ ಕುಡಿಸು, ಸುಮ್ಮನೆ ಪಕ್ಕದಲ್ಲಿ ಕೂತು ಕೈ ನೋಡು. ಅವರ ಹೊತ್ತಿಗೆ ಕಾಸು ಕೊಡು, ಕಲಿಸುತ್ತಾರೆ ಅಂತ ಪುಕ್ಕಟೆ ದುಡಿಸಿಕೊಳ್ಳಬೇಡ. ಮನೆಯ ಮೂಲೆಯಲ್ಲಿ ಅವರ ಹತ್ತಿರ ಹಳೇ ಸರ್ಕ್ಯೂಟ್ ಪುಸ್ತಕ ಇರುತ್ತದೆ, ಡಬ್ಬಿಯಲ್ಲಿ ವಾಲ್ವು, ಟ್ರಾನ್ಸಿಸ್ಟರು ಇರುತ್ತವೆ. ಹುಡುಗ ತಾಳ್ಮೆಯವನೋ, ಹುಡುಗಿಗೆ ಕೈ ಹದ ಇದೆಯೋ ಅಂತ ನೋಡಿದ ಮೇಲೇ ಅವು ಹೊರಗೆ ಬರುತ್ತವೆ.

ಅವರಿಗೂ ನಿನ್ನಿಂದ ಒಂದು ಉಪಕಾರ ಆಗುತ್ತದೆ. ನಮ್ಮ ಸೆಟ್ಟುಗಳಲ್ಲಿ ಎಲ್‌ಓಟಿ ಸೆಕೆಂಡಿಗೆ 15,625 ಸಲ ಮಿಡಿಯುತ್ತದೆ. ಆ ಸಣ್ಣ ಕೀರಲು ಸದ್ದು ವಯಸ್ಸಾದ ಕಿವಿಗೆ ಕೇಳುವುದಿಲ್ಲ, ನಿನ್ನ ಕಿವಿಗೆ ಕೇಳುತ್ತದೆ. ಅವರು ಮೀಟರ್ ಹಿಡಿಯಲಿ, ನೀನು ಕಿವಿಗೊಟ್ಟು ‘ಬಂತಜ್ಜ’ ಅನ್ನು. ಇಬ್ಬರೂ ಸೇರಿದರೆ ಕೆಲಸ ಬೇಗ ಆಗುತ್ತದೆ.

ಪೆಟ್ಟಿಗೆಯ ವಿಚಾರ. ಎರಡೂ ಕಡೆ ಎಳೆಯುವ ಷಟರ್ ಇರುವ ಮರದ ಸೆಟ್ಟಾಗಿದ್ದರೆ ನಿನ್ನ ಅದೃಷ್ಟ. ಅದನ್ನು ಫಳಫಳ ಹೊಳೆಸಲು ಹೋಗಬೇಡ. ಮೇಲಿನ ಮರದ ಪದರ ಬಹಳ ತೆಳು, ಹೆಚ್ಚು ಉಜ್ಜಿದರೆ ಅಡಿಯ ಪ್ಲೈವುಡ್ ಕಾಣುತ್ತದೆ. ಒದ್ದೆ ಬಟ್ಟೆ ಹಿಂಡಿ ಒರೆಸು, ಬೇಕಾದ ಕಡೆ ಅರಗಿನ ಪಾಲಿಶ್ ತೆಳ್ಳಗೆ ಹಚ್ಚು. ಹೆಸರಿನ ತಗಡು, ಗುಂಡಿ, ಷಟರಿನ ಬೀಗ ಮೂಲದ್ದೇ ಇರಲಿ. ಇನ್ನು ಒಳಗಿನದನ್ನೆಲ್ಲಾ ಕಿತ್ತೆಸೆದು ಎಲ್‌ಇಡಿ ಪರದೆ ಕೂರಿಸುವವರು, ಮೀನು ಸಾಕುವವರು ಇದ್ದಾರೆ. ಅದು ರಿಪೇರಿ ಅಲ್ಲ. ಕೆಲಸ ಮಾಡದ ಸೆಟ್ಟು ಹಾಗೇ ಇರಲಿ, ಮುಂದೆ ಯಾರಾದರೂ ಮಾಡಿಯಾರು. ಬರಿದು ಮಾಡಿದ ಮೇಲೆ ಯಾರೂ ಏನೂ ಮಾಡಲಾರರು.

ಸೆಟ್ಟು ಓಡಿತು ಅಂತಿಟ್ಟುಕೋ. ನೋಡುವುದು ಏನನ್ನು? ಆಂಟೆನಾಕ್ಕೆ ಬರುತ್ತಿದ್ದ ದೂರದರ್ಶನದ ಹಳೇ ಪ್ರಸಾರ 2022ರ ಹೊತ್ತಿಗೆ ಬಹುತೇಕ ನಿಂತುಹೋಯಿತು. ಚಿಂತೆ ಬೇಡ, ನಮ್ಮ ಅದೃಷ್ಟ ಚೆನ್ನಾಗಿದೆ. ಇಂಗ್ಲೆಂಡಿನ ಹವ್ಯಾಸಿಗಳ ಹಳೇ ಸೆಟ್ಟುಗಳು 405 ಗೆರೆಗಳವು. ಆ ಪ್ರಸಾರ 1985ರಲ್ಲೇ ನಿಂತು, ಈಗ ಪಾಪ ಅವರು ಗೆರೆ ಬದಲಾಯಿಸುವ ಯಂತ್ರವನ್ನೇ ಕಟ್ಟಿಕೊಳ್ಳಬೇಕು. ನಮ್ಮವು ಮೊದಲಿನಿಂದಲೂ 625 ಗೆರೆ. ಫ್ರೀ ಡಿಶ್ ಬಾಕ್ಸಿನ ಎವಿ ತಂತಿಯನ್ನು ಒಂದು ಆರ್‌ಎಫ್ ಮಾಡ್ಯುಲೇಟರಿಗೆ ಕೊಟ್ಟು, ಅಲ್ಲಿಂದ ಆಂಟೆನಾ ಜಾಗಕ್ಕೆ ಕೊಟ್ಟರೆ ಚಂದನವೇ ಬರುತ್ತದೆ. ಕೊಳ್ಳುವಾಗ ಒಂದು ಎಚ್ಚರ: ಹಳೇ ಸೆಟ್ಟುಗಳು ಸಾಮಾನ್ಯವಾಗಿ ವಿಎಚ್‌ಎಫ್ ಮಾತ್ರ ಹಿಡಿಯುತ್ತವೆ, 2ರಿಂದ 12ರವರೆಗಿನ ಚಾನೆಲ್ಲು. ಅಂಗಡಿಯವರು ಯುಎಚ್‌ಎಫ್ ಮಾಡ್ಯುಲೇಟರ್ ಕೊಟ್ಟರೆ ವಾಪಸ್ ಕೊಡು.

ಕೊನೆಗೆ ಬುದ್ಧಿಮಾತು, ಇದು ಟಿವಿಯದ್ದಲ್ಲ, ನಿನ್ನದು. ಒಂದು ಸೆಟ್ಟು ಓಡಿದ ಮರುದಿನವೇ ಊರೂರು ಸುತ್ತಿ ಹತ್ತು ಸೆಟ್ಟು ತಂದು ಹಟ್ಟಿಯಲ್ಲಿ ಪೇರಿಸುವ ಆಸೆ ಬರುತ್ತದೆ. ಬೇಡ. ಅರ್ಧ ಬಿಚ್ಚಿದ ಸೆಟ್ಟು ಅಂದರೆ ಆಗಲೇ ಅರ್ಧ ಗುಜರಿ. ಒಂದನ್ನು ಮುಗಿಸಿ, ಮುಚ್ಚಳ ಹಾಕಿ, ಕೊನೆಯ ತಿರುಪು ಬಿಗಿದ ಮೇಲೆ ಇನ್ನೊಂದಕ್ಕೆ ಕೈ ಹಾಕು. ಯಾರದೋ ಮನೆಯ ವಯಸ್ಸಾದವರು ‘ತಗೊಂಡು ಹೋಗಪ್ಪ, ಜಾಗ ಖಾಲಿಯಾದರೆ ಸಾಕು’ ಅಂದರೆ ಹಾಗೇ ಹೊತ್ತುಕೊಂಡು ಬರಬೇಡ. ನ್ಯಾಯವಾದ ಬೆಲೆ ಕೈಗಿಡು, ಓಡಿದ ದಿನ ಕರೆದು ತೋರಿಸು. ಗುಜರಿಯವರ ಮೇಲೆ ಸಿಟ್ಟಾಗಬೇಡ. ಟ್ಯೂಬಿನ ಕತ್ತಿಗೆ ಸುತ್ತಿರುವ ಯೋಕ್ ಸುರುಳಿಯ ತಾಮ್ರಕ್ಕಾಗಿ ಆ ಕತ್ತು ಮುರಿಯುವುದು ಅವರ ಹೊಟ್ಟೆಪಾಡು. ತಾಮ್ರದ ಬೆಲೆಗಿಂತ ನಾಲ್ಕು ಕಾಸು ಹೆಚ್ಚು ಕೊಡುತ್ತೇನೆ, ಮುರಿಯುವ ಮುಂಚೆ ಒಂದು ಮಾತು ಹೇಳಿ ಅಂತ ಕೇಳಿಕೋ. ಬಹಳ ಜನ ಒಪ್ಪುತ್ತಾರೆ. ನಿನ್ನ ಕೈಯಲ್ಲೇ ಟ್ಯೂಬು ಒಡೆದರೆ ಚೂರನ್ನು ತಿಪ್ಪೆಗೆ ಎಸೆಯಬೇಡ, ಆ ಗಾಜಿನಲ್ಲಿ ಸೀಸ ಇರುತ್ತದೆ. ಇ-ತ್ಯಾಜ್ಯ ಒಯ್ಯುವವರಿಗೆ ಕೊಡು. ಬೆಸುಗೆ ಹಾಕಿದ ಕೈ ತೊಳೆಯದೆ ಊಟಕ್ಕೆ ಕೂರಬೇಡ.

ಇಷ್ಟು ಹೇಳಿದ್ದು ನಿನ್ನನ್ನು ಹೆದರಿಸಲು ಅಲ್ಲ. ನಿನ್ನ ಕೈ ಚುರುಕಾಗಿದೆ, ಕಣ್ಣು ಚುರುಕಾಗಿದೆ, ತಾಳ್ಮೆ ಒಂದು ಬಂದರೆ ನಮ್ಮ ತಾಲ್ಲೂಕಿನಲ್ಲಿ ಈ ಕೆಲಸಕ್ಕೆ ನಿನ್ನ ಹೆಸರೇ ಹೇಳುವ ದಿನ ಬರುತ್ತದೆ. ಮುಂದಿನ ಭಾನುವಾರ ಬಾ. ಟಿವಿ ತರಬೇಡ, ಸೀರೀಸ್ ಬೋರ್ಡು ಮಾಡಿಕೊಂಡು ತಾ. ಅದನ್ನು ನೋಡಿ ಮುಂದಿನದು ಹೇಳುತ್ತೇನೆ.